ರಸ್ತೆ ಅಪಘಾತದಲ್ಲಿ ಮರಣ: ರೈತ ಕುಟುಂಬಕ್ಕೆ ದೊರೆಯಬೇಕಾದ ಪರಿಹಾರ

ಬೆಳಗಿನ ಜಾವ ಗೂಡಿನ ಚೀಲ ಹೇರಿಕೊಂಡು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಡುವವರು, ಡೈರಿಗೆ ಹಾಲು ಒಯ್ಯುವವರು, ರಸ್ತೆ ದಾಟಿ ತೋಟಕ್ಕೆ ಹೋಗುವವರು ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಲ್ಲಿ ಬಹಳ ಮಂದಿ. ಇಂಥವರಲ್ಲಿ ಒಬ್ಬರು ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ತಿಥಿ ಮುಗಿಯಲೆಂದು ಕಾಯುತ್ತಾರೆ. ಅಷ್ಟರಲ್ಲಿ ಮುಖ್ಯವಾದ ದಾಖಲೆಗಳು ಕೈತಪ್ಪುವುದುಂಟು.

ಮೊದಲು ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಬೇಕು. ವಾಹನದ ನಂಬರು, ಕಂಡವರ ಹೆಸರು ಅದರಲ್ಲಿರಲಿ. ಶವಪರೀಕ್ಷೆ ಬೇಡವೆಂದು ಹಟ ಹಿಡಿಯಬಾರದು. ಆ ವರದಿಯಿಲ್ಲದೆ ಸಾವು ಅಪಘಾತದಿಂದಲೇ ಆಯಿತೆಂದು ಸಾಧಿಸುವುದು ಕಷ್ಟ. ಎಫ್.ಐ.ಆರ್., ಸ್ಥಳ ಮಹಜರು, ದೋಷಾರೋಪಣಾ ಪಟ್ಟಿ, ವಾಹನದ ವಿಮಾ ಪಾಲಿಸಿ ಇವುಗಳ ನಕಲು ಪಡೆಯತಕ್ಕದ್ದು. ಮರಣ ಪ್ರಮಾಣಪತ್ರವೂ ನಾಡಕಚೇರಿಯ ವಂಶವೃಕ್ಷವೂ ಬೇಕಾಗುತ್ತವೆ.

ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅಪಘಾತ ಮಂಡ್ಯದ ಬಳಿ ನಡೆದಿದ್ದರೂ ಅರ್ಜಿದಾರರು ತಾವು ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಕಾಯಿದೆಯಲ್ಲಿ ಆರು ತಿಂಗಳ ಗಡುವು ಇದೆ. ಈ ಗಡುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದರೂ ಅದನ್ನು ನಂಬಿ ಕೂರುವುದು ಸಲ್ಲದು. ಹೆಂಗಸರಿಗೆ ಅವರ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ದೊರೆಯುತ್ತಾರೆ. ಆಸ್ಪತ್ರೆಯ ಬಾಗಿಲಲ್ಲೇ ಬಂದು ಖಾಲಿ ಕಾಗದಕ್ಕೆ ರುಜು ಕೇಳುವ ದಲ್ಲಾಳಿಗಳ ಗೊಡವೆ ಬೇಡ.

ಪರಿಹಾರದ ಲೆಕ್ಕ ಹೀಗಿರುತ್ತದೆ. ಮೃತನಿಗೆ 38 ವರ್ಷ, ತಿಂಗಳ ಆದಾಯ 15,000 ರೂಪಾಯಿ, ಅವಲಂಬಿತರು ನಾಲ್ವರು ಎಂದಿಟ್ಟುಕೊಳ್ಳೋಣ. ಸ್ವಂತ ದುಡಿಮೆಯವರಿಗೆ ಈ ವಯಸ್ಸಿನಲ್ಲಿ ಮುಂದಿನ ಏಳಿಗೆಗೆಂದು ಶೇಕಡ 40 ಸೇರಿಸಿದರೆ 21,000. ಮೃತನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 15,750, ವರ್ಷಕ್ಕೆ 1,89,000. ಈ ವಯಸ್ಸಿಗೆ ಗುಣಕ 15. ಒಟ್ಟು 28,35,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದ ಬಾಬುಗಳು ಬೇರೆ.

ರೈತರು ಸೋಲುವುದು ಆದಾಯದ ಪುರಾವೆಯಲ್ಲಿ. ಪಹಣಿ ಒಂದನ್ನೇ ತೋರಿಸಿದರೆ, ಜಮೀನು ಕುಟುಂಬಕ್ಕೇ ಉಳಿದಿದೆ, ಕಳೆದದ್ದು ಮೇಲ್ವಿಚಾರಣೆ ಮಾತ್ರ ಎಂಬ ವಾದ ಎದುರಾಗುತ್ತದೆ. ನ್ಯಾಯಾಲಯಗಳು ಇದನ್ನು ಒಪ್ಪಿರುವುದೂ ಉಂಟು. ಆದುದರಿಂದ ಗೂಡು ಮಾರಿದ ರಸೀತಿ, ಹಾಲಿನ ಸಂಘದ ಪಾಸ್‌ಬುಕ್, ಬ್ಯಾಂಕ್ ಖಾತೆ ಇವನ್ನು ಹಾಜರುಪಡಿಸಬೇಕು. ಮೃತನ ಬದಲು ಈಗ ಕೂಲಿಯವರನ್ನು ಇಟ್ಟಿದ್ದರೆ ಆ ಖರ್ಚನ್ನೂ ಹೇಳಬೇಕು. ತೀರಿಕೊಂಡವಳು ಗೃಹಿಣಿಯಾದರೆ ಪರಿಹಾರವಿಲ್ಲವೆಂಬುದು ತಪ್ಪು ತಿಳಿವಳಿಕೆ. ಹುಳು ಸಾಕಿದ, ಹಸು ನೋಡಿದ, ಮನೆ ನಡೆಸಿದ ದುಡಿಮೆಗೂ ನ್ಯಾಯಾಲಯ ಬೆಲೆ ಕಟ್ಟುತ್ತದೆ.

ಟ್ರಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತು ಬಿದ್ದು ಸತ್ತವರ ವಿಚಾರ ಕಷ್ಟದ್ದು. ಅಲ್ಲಿ ಇರುವುದು ಚಾಲಕನ ಆಸನ ಮಾತ್ರವೆಂದು ವಿಮಾ ಕಂಪನಿ ಹೊಣೆಯಿಂದ ನುಣುಚಿಕೊಳ್ಳುತ್ತದೆ. ಹಣ ಕೊಡುವ ಹೊಣೆ ಮಾಲೀಕನ ಮೇಲೆ, ಎಷ್ಟೋ ಸಲ ಅದೇ ಊರಿನ ನೆಂಟನ ಮೇಲೆ, ಬೀಳಬಹುದು.

ತಪ್ಪು ಯಾರದೆಂದು ಸಾಧಿಸದೆಯೇ 164ನೆಯ ಕಲಮಿನಡಿ 5 ಲಕ್ಷ ರೂಪಾಯಿ ಪಡೆಯಲು ಅವಕಾಶವಿದೆ. ಆದರೆ ಅದನ್ನು ಒಪ್ಪಿದರೆ ದೊಡ್ಡ ಮೊತ್ತದ ಅರ್ಜಿ ಬಿದ್ದುಹೋಗುವುದರಿಂದ ವಕೀಲರನ್ನು ಕೇಳಿ ತೀರ್ಮಾನಿಸಬೇಕು. ಗುದ್ದಿದ ವಾಹನ ಯಾವುದೆಂದೇ ತಿಳಿಯದಿದ್ದರೆ 2 ಲಕ್ಷ ರೂಪಾಯಿ ಸಿಗುತ್ತದೆ. ಇದಕ್ಕೆ ನ್ಯಾಯಮಂಡಳಿಗೆ ಹೋಗಬೇಕಾಗಿಲ್ಲ. ಅಪಘಾತ ನಡೆದ ತಾಲ್ಲೂಕಿನ ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು.