ಆರ್.ಸಿ.ಸಿ.ಯ ಮೊದಲಕ್ಷರ



ನಮ್ಮ ಗೋದಾಮಿಗೆ ಬಂದಿಳಿಯುವ ಸಿಮೆಂಟ್ ಚೀಲಗಳ ಮೇಲೆ ವಾಡಿ, ಸೇಡಂ ಎಂಬ ಹೆಸರುಗಳನ್ನು ತಾವು ಓದಿರಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಇವೆಲ್ಲ ಕಲಬುರಗಿ ಜಿಲ್ಲೆಯ ಊರುಗಳು. ಆ ಸೀಮೆಯಲ್ಲಿ ಸುಣ್ಣದ ಕಲ್ಲು ಹೇರಳ. ಅದನ್ನು ಹಾಸಿನ ಚಪ್ಪಡಿಯಾಗಿ ಎಬ್ಬಿಸಿದರೆ ಶಹಾಬಾದ್ ಕಲ್ಲು. ಜೇಡಿಯೊಡನೆ ಅರೆದು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು, ತುಸು ಜಿಪ್ಸಮ್ ಸೇರಿಸಿ ಪುಡಿ ಮಾಡಿದರೆ ಸಿಮೆಂಟ್.

ಈ ಸಿಮೆಂಟಿನಿಂದ ನಾವೆಲ್ಲ ಮಾಡಿಸುವುದು ಆರ್.ಸಿ.ಸಿ. ಇದರಲ್ಲಿ ಎರಡು 'ಸಿ'ಗಳು ಸಿಮೆಂಟ್ ಮತ್ತು ಕಾಂಕ್ರೀಟ್ ಎಂಬುದು ಎಲ್ಲರಿಗೂ ಗೊತ್ತು. 'ಆರ್' ಏನು ಎಂದು ಕೇಳಿದರೆ ಕೆಲವು ಮೇಸ್ತ್ರಿಗಳೂ ತಲೆ ಕೆರೆದುಕೊಳ್ಳುತ್ತಾರೆ. ಅದು ರೀಇನ್‌ಫೋರ್ಸ್ಡ್. ಬಲವರ್ಧಿತ ಎಂದು ಕನ್ನಡ ಮಾಡಿದ್ದಾರೆ. ತಪ್ಪಲ್ಲ, ಆದರೆ ಪೂರ್ತಿ ಅರ್ಥ ಅದರಲ್ಲಿ ಬರುವುದಿಲ್ಲ.

ಇದು ಮೊದಲಿಗೆ ದಂಡಿನವರ ಮಾತು. ಇರುವ ಸಿಪಾಯಿಗಳಿಗೇ ಚೆನ್ನಾಗಿ ಊಟ ಹಾಕಿ, ಕವಾಯತು ಮಾಡಿಸಿ ಗಟ್ಟಿಗರನ್ನಾಗಿಸಿದರೆ ಅದು ಸ್ಟ್ರೆಂಥನ್. ಸೋಲುವಂತಿರುವ ಕಡೆಗೆ ಬೇರೆ ತುಕಡಿ ಕಳಿಸಿಕೊಟ್ಟರೆ ರೀಇನ್‌ಫೋರ್ಸ್. ಅಂದರೆ ಹೊರಗಿನಿಂದ ಇನ್ನೊಂದು ಬಲ ಬರಬೇಕು, ದುರ್ಬಲವಾದ ಜಾಗಕ್ಕೇ ಬರಬೇಕು. ನಾವು ಬೋರ್ಡೋ ಹೊಡೆಯುವ ಪೈಪನ್ನೇ ನೋಡಿ. ಒತ್ತಡಕ್ಕೆ ಒಡೆಯದಿರಲೆಂದು ಅದರ ಒಳಪದರಿನಲ್ಲಿ ನೂಲಿನ ಹೆಣಿಗೆ ಇರುತ್ತದೆ. ಅದು ರೀಇನ್‌ಫೋರ್ಸ್‌ಮೆಂಟ್. ತೋಟಕ್ಕೆ ಗೊಬ್ಬರ ಹಾಕಿದ್ದಕ್ಕೆ ಈ ಮಾತು ಸಲ್ಲದು. ಒಮ್ಮೆ ಸದಸ್ಯರೊಬ್ಬರು ಸಂಘವನ್ನು ರೀಇನ್‌ಫೋರ್ಸ್ ಮಾಡಬೇಕೆಂದು ಅರ್ಜಿ ಬರೆದಿದ್ದರು. ಹೊಸ ಸದಸ್ಯರನ್ನು ತರುತ್ತೀರೋ, ಹಳೆ ಬಾಕಿ ಕಟ್ಟುತ್ತೀರೋ ಎಂದು ಕೇಳಿದೆ. ನಕ್ಕು ಸುಮ್ಮನಾದರು.

ಕಾಂಕ್ರೀಟಿನ ದೌರ್ಬಲ್ಯ ಎಲ್ಲಿ? ಅದು ಕಲ್ಲಿನ ಜಾತಿ. ಮೇಲಿಂದ ಎಷ್ಟು ಅದುಮಿದರೂ ತಡೆಯುತ್ತದೆ. ಎಳೆದರೆ ಅದರ ಸುಮಾರು ಹತ್ತರಲ್ಲೊಂದು ಪಾಲು ಬಲಕ್ಕೇ ಬಿರಿಯುತ್ತದೆ. ಶಹಾಬಾದ್ ಕಲ್ಲನ್ನು ನೆಲಕ್ಕೆ ಹಾಸಿದರೆ ತಲೆಮಾರುಗಳ ಕಾಲ ಬಾಳುತ್ತದೆ, ಅದೇ ಕಲ್ಲನ್ನು ಅಗಲವಾದ ಚರಂಡಿಗೆ ಅಡ್ಡ ಹಾಕಿ ಮೂಟೆ ಹೊತ್ತವರು ದಾಟಿದರೆ ನಡುವೆ ಮುರಿಯುತ್ತದೆ. ಅಡ್ಡ ಹಾಕಿದ್ದು ಭಾರಕ್ಕೆ ಬಾಗುವಾಗ ಅದರ ಮೇಲ್ಮೈ ಅದುಮಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ. ಬಿರುಕು ಹುಟ್ಟುವುದು ಕೆಳಗಿನಿಂದ. ಆದ್ದರಿಂದ ಎರಡು ಗೋಡೆಗಳ ಮೇಲೆ ಕೂರುವ ತಾರಸಿಗೆ ಮುಖ್ಯ ಸರಳು ಕೆಳಗಡೆ ಇರಬೇಕು. ಸಜ್ಜಾ ಹಾಗಲ್ಲ. ಅದು ಗೋಡೆಯಿಂದ ಹೊರಚಾಚಿ ನಿಂತದ್ದು. ತುದಿ ಕೆಳಕ್ಕೆ ಜಗ್ಗುವಾಗ ಹಿಗ್ಗುವುದು ಮೇಲ್ಮೈ. ಅದಕ್ಕೆ ಸರಳು ಮೇಲ್ಗಡೆ, ಗೋಡೆಯ ಒಳಕ್ಕೂ ಸಾಕಷ್ಟು ಉದ್ದ ಹೋಗಿರಬೇಕು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನ ಪಲ್ಪಿಂಗ್ ಮನೆಯ ಸಜ್ಜಾಕ್ಕೆ ಸರಳನ್ನು ಸರಿಯಾಗಿಯೇ ಕಟ್ಟಿದ್ದರು. ಕಾಂಕ್ರೀಟ್ ಸುರಿಯುವ ದಿನ ಆಳುಗಳು ಅದರ ಮೇಲೆಯೇ ಓಡಾಡಿ ತುಳಿದು ಕೆಳಕ್ಕೆ ಕೂರಿಸಿಬಿಟ್ಟರು. ನಾನು ಕಣದಲ್ಲಿ ಕಾಫಿ ತೂಗಿಸುತ್ತಿದ್ದೆ. ಆಸರೆ ಕಂಬ ತೆಗೆದ ಮಧ್ಯಾಹ್ನವೇ ಸಜ್ಜಾ ಗೋಡೆಯ ಬುಡದಲ್ಲಿ ಕಳಚಿ ಬಿತ್ತು. ಅದರ ನೆರಳಿನಲ್ಲಿ ಕುಳಿತು ಬುತ್ತಿ ಉಂಡ ಇಬ್ಬರು ಹೆಣ್ಣಾಳುಗಳು ಆಗಷ್ಟೇ ಕೈತೊಳೆಯಲು ಎದ್ದು ಹೋಗಿದ್ದರು. ಸರಳಿಗೆ ಕೊಟ್ಟ ಹಣ ಪೂರ್ತಿ ಕೊಟ್ಟಿದ್ದೆ; ಸರಳೂ ಪೂರ್ತಿ ಇತ್ತು. ಇದ್ದ ಜಾಗ ಮಾತ್ರ ತಪ್ಪು.

ಕಾಂಕ್ರೀಟಿಗೆ ಕಬ್ಬಿಣ ಸೇರಿಸಿ 1867ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಮೊನಿಯೇ ಫ್ರಾನ್ಸಿನ ಒಬ್ಬ ತೋಟಗಾರ, ನಮ್ಮವನೇ ಎನ್ನಿ. ಗಿಡ ನೆಡುವ ಸಿಮೆಂಟ್ ತೊಟ್ಟಿಗಳು ಒಡೆಯದಿರಲೆಂದು ಒಳಗೆ ಕಬ್ಬಿಣದ ಬಲೆ ಇಟ್ಟ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಈ ಜೋಡಿ ಬಾಳುತ್ತದೆ. ಸಿಮೆಂಟಿನ ಕ್ಷಾರಗುಣ ಸರಳನ್ನು ತುಕ್ಕಿನಿಂದ ಕಾಯುತ್ತದೆ, ಆದರೆ ಸರಳು ಹೊರಗೆ ಇಣುಕಿದರೆ ಕಾಯಲಾರದು. ನಮ್ಮ ಮಳೆಗಂತೂ ಬೇಗ ತುಕ್ಕು ಹಿಡಿದು ಉಬ್ಬಿ, ಗಾರೆಯನ್ನು ಚಕ್ಕೆಚಕ್ಕೆಯಾಗಿ ಉದುರಿಸುತ್ತದೆ.

ಕಾಫಿ, ಅಡಿಕೆ ಒಣಗಿಸುವ ಕಣಕ್ಕೂ ಸರಳು ಬೇಕೆಂದು ಸಾಲ ಕೇಳುವವರಿದ್ದಾರೆ. ಕಣ ನೆಲದ ಮೇಲೆ ಪೂರ್ತಿ ಕೂತಿರುತ್ತದೆ. ಲಾರಿ ಹತ್ತದಿದ್ದರೆ, ಬುಡವನ್ನು ಚೆನ್ನಾಗಿ ದಮ್ಮಸ್ಸು ಮಾಡಿ, ನಡುನಡುವೆ ಸಂದು ಬಿಟ್ಟು ಬರೀ ಕಾಂಕ್ರೀಟ್ ಹಾಕಿದರೆ ಸಾಕು. ಆ ಹಣ ತಾರಸಿಗಿರಲಿ.

ತಾರಸಿಗೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. ಸುರಿಯಲು ಸಲೀಸೆಂದು ನೀರು ಹೆಚ್ಚು ಹಾಕಲು ಬಿಡಬೇಡಿ. ಆಮೇಲೆ ಕ್ಯೂರಿಂಗ್. ಕಾಫಿಯವರಿಗೆ ಕ್ಯೂರಿಂಗ್ ಎಂದರೆ ಒಣಗಿಸಿ ಸಿಪ್ಪೆ ತೆಗೆಯುವುದು, ಇಲ್ಲಿ ತದ್ವಿರುದ್ಧ: ಒಣಗಲು ಬಿಡಬಾರದು. ಈಗ ಸಿಗುವ ಪಿ.ಪಿ.ಸಿ. ಸಿಮೆಂಟಿಗೆ ಕನಿಷ್ಠ ಹತ್ತು ದಿನ ನೀರು ನಿಲ್ಲಿಸಿ. ಸರಳಿಗೂ ಹಲಗೆಗೂ ನಡುವೆ 20 ಮಿಲಿಮೀಟರ್ ಅಂತರ ಉಳಿಯಲು ಇಡುವ ಸಿಮೆಂಟ್ ಬಿಲ್ಲೆಗಳನ್ನು ವಾರ ಮೊದಲೇ ಮಾಡಿಸಿ ನೀರಿನಲ್ಲಿ ಹಾಕಿಡಿ. ಕಾಂಕ್ರೀಟ್ ದಿನ ಬೆಳಿಗ್ಗೆ ಹುಡುಕಿದರೆ ಮೇಸ್ತ್ರಿ ಜಲ್ಲಿಕಲ್ಲು ಸಿಕ್ಕಿಸಿ ಮುಗಿಸುತ್ತಾನೆ.

– ಕಾರ್ಯದರ್ಶಿ