ಕಡಲಿನ ಕಾವು, ಮಾನ್ವಿಯ ಕಾಲುವೆ, ನಮ್ಮ ತೋಟ

ನಮ್ಮ ತೋಟದ ಬಸಿಗಾಲುವೆ ದಾಟಿದ ಮಳೆನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿಯ ಕಡೆ ಬಿದ್ದದ್ದು ತುಂಗೆಗೆ. ಕಳಸ, ಬಾಳೆಹೊನ್ನೂರಿನ ಕಡೆಯದು ಭದ್ರೆಗೆ. ಕೂಡಲಿಯಲ್ಲಿ ಎರಡೂ ಒಂದಾಗಿ, ಹೊಸಪೇಟೆಯ ಬಳಿ ಜಲಾಶಯದಲ್ಲಿ ನಿಂತು, ಎಡದಂಡೆ ಕಾಲುವೆಯಲ್ಲಿ ಸಿಂಧನೂರು, ಮಾನ್ವಿ ದಾಟಿ ರಾಯಚೂರಿನತ್ತ ಹರಿಯುತ್ತವೆ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯಿಂದ ಕೃಷ್ಣೆಯ ನೀರು. ಅದರ ಮೂಲವೂ ಪಶ್ಚಿಮ ಘಟ್ಟವೇ. ಘಟ್ಟದಲ್ಲಿ ಮಳೆ ತಪ್ಪಿದರೆ ನಮಗೂ ಅವರಿಗೂ ಒಂದೇ ವರ್ಷ ಪೆಟ್ಟು.

ಮಾನ್ವಿಯ ಕಾಲುವೆ ಕೊನೆಯ ರೈತನನ್ನು ಕೇಳಿ ನೋಡಿ. ಮೊದಲ ಬೆಳೆಗೆ ನೀರು ಬಂದೀತೆ ಎಂದರೆ ಆತ ಆಕಾಶ ನೋಡುತ್ತಾನೆ. ಎರಡನೆಯ ಬೆಳೆಗೆ ಎಂದರೆ ಜಲಾಶಯದ ಮಟ್ಟ ಕೇಳುತ್ತಾನೆ. ಬರಬೇಕಾದ ನೀರಿನ ಲೆಕ್ಕ ಊಹೆ. ನಿಂತ ನೀರಿನ ಲೆಕ್ಕ ಖಚಿತ. ಆದರೆ ತೂಬು ಯಾವಾಗ ಎತ್ತುತ್ತಾರೆ, ಮೇಲಿನವರು ಎಷ್ಟು ಎಳೆದುಕೊಳ್ಳುತ್ತಾರೆ ಎಂಬುದು ಬೇರೆ ಮಾತು.

ಸಮುದ್ರವೂ ಇಂಥದೇ ಒಂದು ಜಲಾಶಯ. ಅದರಲ್ಲಿ ನಿಲ್ಲುವುದು ಶಾಖ. ಸಮುದ್ರದ ಮೇಲಿನ ಸುಮಾರು ಮೂರು ಮೀಟರ್ ನೀರು, ಇಡೀ ವಾಯುಮಂಡಲ ಹಿಡಿಯುವಷ್ಟು ಶಾಖವನ್ನು ಹಿಡಿಯಬಲ್ಲದು. ಗಾಳಿಯ ಕಾವು ದಿನದಲ್ಲಿ ಬದಲಾಗುತ್ತದೆ. ಕಡಲ ಮೇಲ್ಮೈಯ ಕಾವು ವಾರಗಳಲ್ಲಿ ಬದಲಾಗುತ್ತದೆ. ನೂರಿನ್ನೂರು ಮೀಟರ್ ಆಳದ ಕಾವು ತಿಂಗಳುಗಟ್ಟಲೆ ಉಳಿಯುತ್ತದೆ. ಈ ನಿಧಾನವೇ ಮುನ್ಸೂಚನೆಗೆ ಬಂಡವಾಳ.

ಈ ಸಂಗ್ರಹವನ್ನು ಅಳೆಯಲು ಜಗತ್ತಿನ ಕಡಲುಗಳಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳಿವೆ. ಅವು 2,000 ಮೀಟರ್ ಆಳಕ್ಕೆ ಇಳಿದು, ಸುಮಾರು ಹತ್ತು ದಿನಕ್ಕೊಮ್ಮೆ ಮೇಲೆದ್ದು, ಉಪಗ್ರಹಕ್ಕೆ ವರದಿ ಒಪ್ಪಿಸುತ್ತವೆ. ನಮ್ಮ ದೇಶದಲ್ಲಿ ಈ ಕೆಲಸ ನೋಡಿಕೊಳ್ಳುವುದು ರಾಯಚೂರಿಗೆ ಸಮೀಪದ ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವಾ ಕೇಂದ್ರ.

ಪೆಸಿಫಿಕ್ ಸಾಗರದ ಪಶ್ಚಿಮದಲ್ಲಿ ಕೂಡಿದ ಬಿಸಿನೀರು ಪೂರ್ವಕ್ಕೆ ಹರಡಿದರೆ ಅದೇ ಎಲ್ ನಿನೋ. ನಮ್ಮ ಮುಂಗಾರಿಗೆ ಅದು ಹೆಚ್ಚಾಗಿ ಕೇಡು. ಬಿಸಿನೀರು ಎಷ್ಟು ಕೂಡಿದೆ ಎಂಬುದು ಮೊದಲೇ ತಿಳಿಯುತ್ತದೆ; ತೂಬು ಎತ್ತುವುದು ಮಾತ್ರ ಗಾಳಿ. ಮಾರ್ಚ್‌ನಿಂದ ಮೇ ತನಕ ಆ ಗಾಳಿಯ ಮನಸ್ಸು ತಿಳಿಯುವುದು ಕಷ್ಟ. ಆದುದರಿಂದಲೇ ಫೆಬ್ರವರಿಯಲ್ಲಿ ಹೇಳಿದ ಎಲ್ ನಿನೋ ಭವಿಷ್ಯ ಅನೇಕ ಸಲ ತಪ್ಪುತ್ತದೆ. ಜೂನಿನಲ್ಲಿ ಹೇಳಿದ್ದು ಬಹುಮಟ್ಟಿಗೆ ನಿಲ್ಲುತ್ತದೆ. ಹವಾಮಾನ ಇಲಾಖೆ ಏಪ್ರಿಲಿನಲ್ಲಿ ಒಮ್ಮೆ ಹೇಳಿ, ಮೇ ಕೊನೆಯಲ್ಲಿ ತಿದ್ದಿ ಹೇಳುವುದನ್ನು ನಾವು ಚಂಚಲತೆ ಎಂದು ತಿಳಿಯಬಾರದು.

ಆದರೂ ಎಲ್ ನಿನೋ ಬಂದ ಮಾತ್ರಕ್ಕೆ ಬರ ನಿಶ್ಚಯವಲ್ಲ. 1997ರಲ್ಲಿ ಶತಮಾನದ ಅತಿ ಬಲವಾದವುಗಳಲ್ಲಿ ಒಂದು ಬಂದರೂ ದೇಶದ ಮುಂಗಾರು ವಾಡಿಕೆಯ ಶೇಕಡಾ 102ರಷ್ಟಾಯಿತು. 2002ರಲ್ಲಿ ಸಾಮಾನ್ಯ ಮಳೆಯೆಂದು ಹೇಳಿದ್ದು ಶೇಕಡಾ 81ಕ್ಕೆ ಇಳಿಯಿತು. 2023ರಲ್ಲಿ ದೇಶದ ಲೆಕ್ಕ ಶೇಕಡಾ 94 ಇದ್ದರೂ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ತುಂಗಭದ್ರಾ ಜಲಾಶಯ ತುಂಬಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ 2009ರದು. ಆ ವರ್ಷ ಎಲ್ ನಿನೋ. ಮುಂಗಾರು ಶೇಕಡಾ 78. ಆದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಿದ್ದ ಮಹಾಮಳೆಗೆ ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿದವು. ರಾಯಚೂರು ಜಿಲ್ಲೆಯ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಆಚೆ ದಡದ ಮಂತ್ರಾಲಯ ಮುಳುಗಿತು. ಕಡಲಿನ ಕಾವು ಋತುವಿನ ಒಲವನ್ನು ಹೇಳಬಲ್ಲದು. ಯಾವ ದಿನ, ಯಾವ ಹೋಬಳಿಗೆ ಎಂದು ಹೇಳಲಾರದು.

ಹತ್ತಾರು ವರ್ಷಗಳ ಲೆಕ್ಕದಲ್ಲಿ ಮಾತ್ರ ಸಂದೇಹವಿಲ್ಲ. ಭೂಮಿಯಲ್ಲಿ ಹೆಚ್ಚುತ್ತಿರುವ ಶಾಖದ ಶೇಕಡಾ 90ರಷ್ಟು ಸಮುದ್ರವನ್ನೇ ಸೇರುತ್ತಿದೆ, ಆ ಸಂಗ್ರಹ ಏರುತ್ತಲೇ ಇದೆ. ಹಿರಿಯರು ಕಂಡ ಮಳೆಗಾಲವನ್ನೇ ನಂಬಿ ಹೊಸ ತೋಟ ಹಾಕುವ ಕಾಲ ಇದಲ್ಲ.

ಹಾಗಾದರೆ ಬೆಳೆಗಾರರು ಮಾಡಬೇಕಾದದ್ದೇನು? ತಪ್ಪಿದರೂ ನಷ್ಟವಾಗದ ಕೆಲಸಕ್ಕೆ ಮುನ್ಸೂಚನೆಯನ್ನು ಬಳಸೋಣ. ಮಳೆ ಕಡಿಮೆಯ ಒಲವು ಕಂಡರೆ ಕೆರೆಯ ಹೂಳು ತೆಗೆಸಿ, ಮಳೆಗಾಲದಲ್ಲೇ ನೀರು ನಿಲ್ಲಿಸಿಕೊಂಡು, ಕಾಫಿಯ ಹೂಮಳೆ ತಪ್ಪಿದರೆ ತುಂತುರು ನೀರಾವರಿಗೆ ಕಾದಿರಿಸೋಣ. ಅಡಿಕೆ ಸಸಿಗಳ ಬುಡಕ್ಕೆ ಸೊಪ್ಪಿನ ಮುಚ್ಚಿಗೆ ಮರೆಯದಿರೋಣ. ಆದರೆ “ಈ ವರ್ಷ ಮಳೆ ಕಡಿಮೆಯಂತೆ” ಎಂದು ಕೊಳೆರೋಗಕ್ಕೆ ಮುಂಗಾರಿನ ಮುನ್ನ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನು ತಪ್ಪಿಸುವುದು ಬೇಡ. ಹತ್ತು ದಿನ ಬಿಡದೆ ಹಿಡಿದ ಮಳೆ ಸಾಕು, ಗೊನೆ ಉದುರಲು.

ನಿಂತ ನೀರನ್ನು ಲೆಕ್ಕ ಹಾಕಿ, ಬರಲಿರುವ ನೀರಿಗೆ ಎರಡೂ ಬಗೆಯ ಸಿದ್ಧತೆ ಮಾಡಿಕೊಳ್ಳುವುದು ಕಾಲುವೆಯ ಕೊನೆಯಲ್ಲಿರುವ ರೈತನಿಗೆ ರೂಢಿ. ಕಾಲುವೆಯ ಮೂಲದಲ್ಲಿರುವ ನಾವೂ ಅದನ್ನು ಕಲಿಯುವುದು ಲೇಸು.