ಕಿಟಕಿಯ ಹೊರನೆರಳು

ಕಿಟಕಿಯ ಹೊರನೆರಳು ಎಂದರೆ ಬಿಸಿಲು ಕಿಟಕಿಯ ಗಾಜನ್ನು ತಲುಪುವ ಮೊದಲೇ ಅದನ್ನು ತಡೆಯುವುದಕ್ಕಾಗಿ ಗೋಡೆಯ ಹೊರಭಾಗದಲ್ಲಿ ಕಟ್ಟುವ, ತೂಗುಹಾಕುವ ಅಥವಾ ಬೆಳೆಸುವ ಮರೆ. ಗೋಡೆಯಿಂದ ಮುಂದಕ್ಕೆ ಚಾಚಿದ ಸಜ್ಜ, ಇಳಿಜಾರಾದ ಸೂರು, ಬಿದಿರಿನ ತಟ್ಟಿ, ಮರದ ಪಟ್ಟಿಗಳ ಕದ, ಕ್ಯಾನ್ವಾಸಿನ ಮೇಲ್ಮರೆ, ಕಲ್ಲಿನ ಅಥವಾ ಇಟ್ಟಿಗೆಯ ಜಾಲಂಧ್ರ, ಬಳ್ಳಿಯ ಚಪ್ಪರ ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಬೇಸಿಗೆಯಲ್ಲಿ ಮನೆಯನ್ನು ವಿದ್ಯುತ್ತಿನ ಬಳಕೆಯಿಲ್ಲದೆ ತಂಪಾಗಿಡುವ ಉಪಾಯಗಳಲ್ಲಿ ಇದು ಹಳೆಯದೂ ಸುಲಭವೂ ಆದುದು. ಆದರೆ ಎಲ್ಲ ಕಿಟಕಿಗಳಿಗೂ ಒಂದೇ ಬಗೆಯ ಮರೆ ಒಪ್ಪುವುದಿಲ್ಲ. ಕಿಟಕಿ ಯಾವ ದಿಕ್ಕಿಗೆ ಮುಖಮಾಡಿದೆ, ಆ ಊರಿನಲ್ಲಿ ಬೇಸಿಗೆಯ ಸೂರ್ಯ ಯಾವ ಎತ್ತರದಲ್ಲಿ ಸಾಗುತ್ತಾನೆ ಎಂಬ ಎರಡು ಸಂಗತಿಗಳು ನೆರಳಿನ ಸ್ವರೂಪವನ್ನು ನಿರ್ಧರಿಸುತ್ತವೆ.

ಶಾಖವು ಒಳಬರುವ ಬಗೆ

ಸೂರ್ಯನಿಂದ ಬರುವ ಶಕ್ತಿಯ ಬಹುಪಾಲು ಕಣ್ಣಿಗೆ ಕಾಣುವ ಬೆಳಕು ಮತ್ತು ಅದಕ್ಕೆ ಸಮೀಪದ ಅವಕೆಂಪು ಕಿರಣಗಳ ರೂಪದಲ್ಲಿರುತ್ತದೆ. ಇವುಗಳ ತರಂಗಾಂತರ ಕಡಿಮೆಯಾದ್ದರಿಂದ ಸಾಧಾರಣ ಗಾಜು ಇವನ್ನು ಹೆಚ್ಚಿನ ತಡೆಯಿಲ್ಲದೆ ಒಳಗೆ ಬಿಡುತ್ತದೆ. ಒಂದೇ ಪದರದ ತಿಳಿ ಗಾಜಿನ ಮೂಲಕ ಬಿಸಿಲಿನ ಶಾಖದ ಶೇ. 80ಕ್ಕೂ ಹೆಚ್ಚು ಭಾಗ ಕೋಣೆಗೆ ಬರುತ್ತದೆ. ಹೀಗೆ ಬಂದ ಶಕ್ತಿಯನ್ನು ನೆಲ, ಗೋಡೆ, ಹಾಸಿಗೆ, ಪೀಠೋಪಕರಣಗಳು ಹೀರಿಕೊಂಡು ಬಿಸಿಯಾಗುತ್ತವೆ ಮತ್ತು ಆ ಬಿಸಿಯನ್ನು ದೀರ್ಘ ತರಂಗಗಳ ರೂಪದಲ್ಲಿ ಮರಳಿ ಹೊರಸೂಸುತ್ತವೆ. ಈ ದೀರ್ಘ ತರಂಗಗಳನ್ನು ಗಾಜು ನೇರವಾಗಿ ಹೊರಗೆ ಬಿಡುವುದಿಲ್ಲ. ಬಂದ ದಾರಿಯಲ್ಲಿಯೇ ಶಾಖವು ಹಿಂದಿರುಗಲಾರದೆ ಕೋಣೆಯಲ್ಲಿ ಸಂಗ್ರಹವಾಗುತ್ತದೆ. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಭಾಗವು ಹೊರಗಿನ ಗಾಳಿಗಿಂತ ಹೆಚ್ಚು ಕಾಯುವುದಕ್ಕೂ ಇದು ಒಂದು ಮುಖ್ಯ ಕಾರಣ.

ಒಂದು ಉದಾಹರಣೆಯಿಂದ ಇದರ ಪ್ರಮಾಣವನ್ನು ಊಹಿಸಬಹುದು. 1.2 ಮೀಟರ್ ಅಗಲ, 1.2 ಮೀಟರ್ ಎತ್ತರವಿರುವ ಪಶ್ಚಿಮದ ಕಿಟಕಿಯ ವಿಸ್ತೀರ್ಣ 1.44 ಚದರ ಮೀಟರ್. ಸಂಜೆಯ ಬಿಸಿಲು ಅದರ ಮೇಲೆ ಚದರ ಮೀಟರಿಗೆ 600 ವ್ಯಾಟ್‌ನಂತೆ ಬೀಳುತ್ತಿದೆ ಎಂದು ಭಾವಿಸಿದರೆ ಕಿಟಕಿಯ ಮೇಲೆ ಬೀಳುವ ಒಟ್ಟು ಶಕ್ತಿ ಸುಮಾರು 860 ವ್ಯಾಟ್. ಇದರ ಶೇ. 80ರಷ್ಟು ಒಳಬಂದರೆ ಸುಮಾರು 700 ವ್ಯಾಟ್ ಆಗುತ್ತದೆ. ಬೇಸಿಗೆಯ ಸಂಜೆ ಮಲಗುವ ಕೋಣೆಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಎಡೆಬಿಡದೆ ಕಾಯಿಸಿಟ್ಟಂತೆ ಇದು.

ಒಳಪರದೆಗೂ ಹೊರಮರೆಗೂ ಇರುವ ವ್ಯತ್ಯಾಸ

ಕಿಟಕಿಗೆ ಒಳಗಿನಿಂದ ಬಟ್ಟೆಯ ಪರದೆ ಹಾಕುವುದು ಎಲ್ಲೆಡೆ ಕಂಡುಬರುವ ರೂಢಿ. ಇದರಿಂದ ಕಣ್ಣು ಕುಕ್ಕುವ ಬೆಳಕು ಕಡಿಮೆಯಾಗುತ್ತದೆ; ಶಾಖ ಮಾತ್ರ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಪರದೆಯನ್ನು ತಲುಪುವ ವೇಳೆಗೆ ಬಿಸಿಲು ಗಾಜನ್ನು ದಾಟಿ ಬಂದಿರುತ್ತದೆ. ಪರದೆ ಅದನ್ನು ಹೀರಿಕೊಂಡು ತಾನೇ ಬಿಸಿಯಾಗಿ ಕೋಣೆಯ ಗಾಳಿಯನ್ನು ಕಾಯಿಸುತ್ತದೆ. ಬಿಳಿಯ ಅಥವಾ ಹೊಳಪಿನ ಪರದೆಯು ಒಂದಷ್ಟು ಬೆಳಕನ್ನು ಗಾಜಿನ ಮೂಲಕವೇ ಹೊರಕ್ಕೆ ಪ್ರತಿಫಲಿಸುತ್ತದೆಯಾದರೂ ಉಳಿದ ಶಾಖ ಒಳಗೇ ನಿಲ್ಲುತ್ತದೆ.

ಹೊರಮರೆಯೂ ಬಿಸಿಲಿಗೆ ಕಾಯುತ್ತದೆ. ಆದರೆ ಅದರ ಬಿಸಿಯನ್ನು ಹೊರಗಿನ ಗಾಳಿ ಒಯ್ಯುತ್ತದೆ. ಅಮೆರಿಕದ ಇಂಧನ ಇಲಾಖೆಯು ನೀಡುವ ಮಾಹಿತಿಯಂತೆ, ಕಿಟಕಿಯ ಹೊರಗೆ ಅಳವಡಿಸಿದ ಮೇಲ್ಮರೆಯು ಬೇಸಿಗೆಯಲ್ಲಿ ದಕ್ಷಿಣದ ಕಿಟಕಿಯಿಂದ ಬರುವ ಸೌರಶಾಖವನ್ನು ಶೇ. 65ರವರೆಗೆ ಮತ್ತು ಪಶ್ಚಿಮದ ಕಿಟಕಿಯಿಂದ ಬರುವುದನ್ನು ಶೇ. 77ರವರೆಗೆ ತಗ್ಗಿಸಬಲ್ಲದು. ಈ ಅಂಕಿಗಳು ಆ ದೇಶದ ಅಕ್ಷಾಂಶ ಮತ್ತು ಹವೆಗೆ ಸಂಬಂಧಿಸಿದವು. ಆದರೂ ಹೊರಮರೆಯ ಸಾಮರ್ಥ್ಯವನ್ನು ತಿಳಿಯಲು ಇವು ನೆರವಾಗುತ್ತವೆ.

ಸೂರ್ಯನ ಎತ್ತರ ಮತ್ತು ನೆರಳಿನ ಅಳತೆ

ಸಜ್ಜದ ನೆರಳು ಗೋಡೆಯ ಮೇಲೆ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಪ್ರೌಢಶಾಲೆಯ ತ್ರಿಕೋನಮಿತಿಯಿಂದ ಲೆಕ್ಕ ಹಾಕಬಹುದು. ಸೂರ್ಯನು ಕಿಟಕಿಗೆ ನೇರ ಎದುರಾಗಿದ್ದಾಗ, ಸಜ್ಜದ ಚಾಚನ್ನು ಸೂರ್ಯನ ಎತ್ತರದ ಕೋನದ ಟ್ಯಾಂಜೆಂಟ್ ಬೆಲೆಯಿಂದ ಗುಣಿಸಿದರೆ ನೆರಳಿನ ಉದ್ದ ದೊರೆಯುತ್ತದೆ. 60 ಸೆಂಟಿಮೀಟರ್ ಚಾಚಿದ ಸಜ್ಜಕ್ಕೆ ಈ ಲೆಕ್ಕ ಹೀಗಿದೆ:

ಸೂರ್ಯನ ಎತ್ತರ 60 ಡಿಗ್ರಿ ಇದ್ದಾಗ ನೆರಳು ಸುಮಾರು 104 ಸೆಂ.ಮೀ.
45 ಡಿಗ್ರಿ ಇದ್ದಾಗ 60 ಸೆಂ.ಮೀ.
30 ಡಿಗ್ರಿ ಇದ್ದಾಗ ಸುಮಾರು 35 ಸೆಂ.ಮೀ.
15 ಡಿಗ್ರಿ ಇದ್ದಾಗ ಸುಮಾರು 16 ಸೆಂ.ಮೀ.

ಸೂರ್ಯ ಕೆಳಗಿಳಿದಂತೆ ಸಜ್ಜದ ನೆರಳು ಮೇಲಕ್ಕೆ ಸರಿದು ಕಿಟಕಿ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಉಪಕರಣವಿಲ್ಲದೆ ಸೂರ್ಯನ ಎತ್ತರವನ್ನು ಅಂದಾಜು ಮಾಡಲು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ ಒಂದು ಕೋಲು ಸಾಕು. ಕೋಲಿನ ಉದ್ದವೂ ಅದರ ನೆರಳಿನ ಉದ್ದವೂ ಸಮನಾದಾಗ ಸೂರ್ಯ 45 ಡಿಗ್ರಿ ಎತ್ತರದಲ್ಲಿರುತ್ತಾನೆ. ನೆರಳು ಕೋಲಿಗಿಂತ ಉದ್ದವಾದರೆ ಎತ್ತರ ಅದಕ್ಕಿಂತ ಕಡಿಮೆ ಎಂದು ತಿಳಿಯಬೇಕು.

ದಿಕ್ಕಿಗೆ ತಕ್ಕ ನೆರಳು

ಸಮಶೀತೋಷ್ಣ ದೇಶಗಳ ಗೃಹನಿರ್ಮಾಣ ಪುಸ್ತಕಗಳು ದಕ್ಷಿಣದ ಕಿಟಕಿಗೆ ಆಳವಾದ ಸಜ್ಜ ಬೇಕೆಂದೂ ಉತ್ತರದ ಕಿಟಕಿಗೆ ನೆರಳು ಅನಗತ್ಯವೆಂದೂ ಹೇಳುವುದುಂಟು. ಉಷ್ಣವಲಯದೊಳಗಿರುವ ಕರ್ನಾಟಕಕ್ಕೆ ಈ ನಿಯಮ ಹಾಗೆಯೇ ಅನ್ವಯಿಸುವುದಿಲ್ಲ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಮಾರ್ಚ್ 21ರ ನಡುಹಗಲಿನ ಸೂರ್ಯ 77 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಅವನು ನೆತ್ತಿಯ ಮೇಲೆ ಬರುತ್ತಾನೆ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಇದರಿಂದ ನಾಲ್ಕು ದಿಕ್ಕಿನ ಕಿಟಕಿಗಳ ಸ್ಥಿತಿ ಬೇರೆಬೇರೆಯಾಗುತ್ತದೆ.

ದಕ್ಷಿಣ: ಬೇಸಿಗೆಯ ಸೂರ್ಯ ಎತ್ತರದಲ್ಲಿರುವುದರಿಂದ ಸಾಧಾರಣ ಸಜ್ಜವೇ ಸಾಕಾಗುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನ ನಡುಹಗಲಿನ ಸೂರ್ಯ ಸುಮಾರು 54 ಡಿಗ್ರಿ ಎತ್ತರಕ್ಕೆ ಇಳಿಯುತ್ತಾನೆ. ಆಗ ಕಿಟಕಿಯ ಕೆಳಭಾಗಕ್ಕೆ ಹಿತವಾದ ಬಿಸಿಲು ಬೀಳುತ್ತದೆ.

ಉತ್ತರ: ಮಾರ್ಚ್ ಅಂತ್ಯದಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲು ಉತ್ತರದ ಗೋಡೆಯನ್ನೂ ತಾಕುತ್ತದೆ. ಚಿಕ್ಕ ಸಜ್ಜದ ಜೊತೆಗೆ ಕಿಟಕಿಯ ಎರಡೂ ಪಕ್ಕದಲ್ಲಿ ಕಿರಿದಾದ ನಿಲುವು ಚಾಚುಗಳಿದ್ದರೆ ಒಳ್ಳೆಯದು.

ಪೂರ್ವ: ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ರಾತ್ರಿಯ ತಂಪು ಮನೆಯಲ್ಲಿ ಇನ್ನೂ ಉಳಿದಿರುವುದರಿಂದ ಇದರ ತೊಂದರೆ ಪಶ್ಚಿಮದಷ್ಟಿಲ್ಲ.

ಪಶ್ಚಿಮ: ಬೇಸಿಗೆಯಲ್ಲಿ ಅತ್ಯಂತ ಕಷ್ಟ ಕೊಡುವ ದಿಕ್ಕು ಇದು. ಹೊರಗಿನ ಗಾಳಿಯೂ ಗೋಡೆಗಳೂ ಆಗಲೇ ಕಾದಿರುವ ಹೊತ್ತಿನಲ್ಲಿ ಬಿಸಿಲು ಕಿಟಕಿಗೆ ಎದುರಾಗಿ ಬರುತ್ತದೆ. ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲ್ ತಿಂಗಳುಗಳ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯನ ಎತ್ತರ ಸುಮಾರು 30 ಡಿಗ್ರಿ. ಮೇಲಿನ ಲೆಕ್ಕದಂತೆ 60 ಸೆಂ.ಮೀ. ಸಜ್ಜವು 120 ಸೆಂ.ಮೀ. ಎತ್ತರದ ಕಿಟಕಿಯಲ್ಲಿ 35 ಸೆಂ.ಮೀ. ಭಾಗಕ್ಕಷ್ಟೇ ನೆರಳು ನೀಡುತ್ತದೆ. ಉಳಿದ 85 ಸೆಂ.ಮೀ. ಬಿಸಿಲಿನಲ್ಲಿರುತ್ತದೆ. ಆದ್ದರಿಂದ ಪಶ್ಚಿಮದ ಕಿಟಕಿಗೆ ಸಜ್ಜವೊಂದೇ ಸಾಲದು. ಗಾಜಿನ ಮುಂದೆ ಇಳಿಬೀಳುವ ತಟ್ಟಿ, ಪಟ್ಟಿಯ ಕದ, ಜಾಲಂಧ್ರ ಅಥವಾ ಬಳ್ಳಿಯ ಮರೆ ಅಗತ್ಯ.

ಚಾರಿತ್ರಿಕ ಹಿನ್ನೆಲೆ

ಹೊರನೆರಳಿನ ತಿಳಿವಳಿಕೆ ಬಿಸಿಲಿನ ನಾಡುಗಳಲ್ಲೆಲ್ಲ ಬೇರೆಬೇರೆ ರೂಪಗಳಲ್ಲಿ ಬೆಳೆದಿದೆ. ಅರಬ್ ನಾಡುಗಳ ಮಶ್ರಬಿಯಾ ಎಂಬ ಮರದ ಜಾಲರಿ, ಜಪಾನಿನ ಸುದಾರೆ ಎಂಬ ಬಿದಿರಿನ ಪರದೆ, ಮೆಡಿಟರೇನಿಯನ್ ತೀರದ ಮನೆಗಳ ಪಟ್ಟಿಕದಗಳು ಇದಕ್ಕೆ ನಿದರ್ಶನಗಳು. ಜೈಪುರದಲ್ಲಿ 1799ರಲ್ಲಿ ನಿರ್ಮಾಣವಾದ ಹವಾ ಮಹಲಿನ ಜಾಲರಿ ಕಿಟಕಿಗಳು ಬಿಸಿಲನ್ನು ಒಡೆದು ಗಾಳಿಯನ್ನು ಒಳಬಿಡುತ್ತವೆ. ಉತ್ತರ ಭಾರತದಲ್ಲಿ ಲಾವಂಚದ ಬೇರಿನಿಂದ ಹೆಣೆದ ತಟ್ಟಿಗಳನ್ನು ಕಿಟಕಿ, ಬಾಗಿಲುಗಳಿಗೆ ಕಟ್ಟಿ ನೀರು ಚಿಮುಕಿಸುವ ಪದ್ಧತಿ ಪ್ರಸಿದ್ಧವಾದುದು.

ಕರ್ನಾಟಕದಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳು ಕಲಾಕೃತಿಗಳಾಗಿ ಹೆಸರಾಗಿವೆ. ನೇರ ಬಿಸಿಲನ್ನು ತಡೆದು ಮಂದ ಬೆಳಕನ್ನೂ ಗಾಳಿಯನ್ನೂ ಒಳಬಿಡುವುದು ಇಂತಹ ರಚನೆಯ ಗುಣ. ಕರಾವಳಿ ಮತ್ತು ಮಲೆನಾಡಿನ ಹಂಚಿನ ಮನೆಗಳಲ್ಲಿ ಮಳೆಯಿಂದ ಗೋಡೆಯನ್ನು ಕಾಯಲು ಇಳಿಬಿಟ್ಟ ಸೂರು ಮತ್ತು ಜಗಲಿ ಬೇಸಿಗೆಯಲ್ಲಿ ನೆರಳಿನ ಕೆಲಸವನ್ನೂ ಮಾಡುತ್ತವೆ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಚಿಕ್ಕದು. ದಪ್ಪ ಗೋಡೆಯಲ್ಲಿ ಹಿಂದಕ್ಕೆ ಸರಿದು ಕುಳಿತ ಕಿಟಕಿಗೆ ಗೋಡೆಯೇ ನೆರಳಾಗುತ್ತದೆ. ಬೆಂಗಳೂರಿನ ವಸಾಹತು ಕಾಲದ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಮುಂಚಾಚಿದ, ಚೂಪು ತುದಿಯ, ಮರದ ಜಾಲರಿಯುಳ್ಳ ಮರೆಗಳನ್ನು ‘ಮಂಕಿ ಟಾಪ್’ ಎಂದು ಕರೆಯುತ್ತಾರೆ.

ಆಧುನಿಕ ವಾಸ್ತುಶಿಲ್ಪದಲ್ಲಿ ಲ ಕಾರ್ಬೂಸಿಯೇ ‘ಬ್ರೀಜ್ ಸೊಲೇ’ ಎಂಬ ಕಾಂಕ್ರೀಟಿನ ಬಿಸಿಲುತಡೆಯನ್ನು ಪ್ರಚಾರಕ್ಕೆ ತಂದರು. ಚಂಡೀಗಢದ ಸರ್ಕಾರಿ ಕಟ್ಟಡಗಳಲ್ಲಿಯೂ ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಕಟ್ಟಡದಲ್ಲಿಯೂ ಇದನ್ನು ಕಾಣಬಹುದು. ವಿಕ್ಟರ್ ಮತ್ತು ಅಲಾದಾರ್ ಓಲ್ಗ್ಯಾಯ್ ಸಹೋದರರು 1957ರಲ್ಲಿ ಪ್ರಕಟಿಸಿದ ಗ್ರಂಥವು ಬಿಸಿಲುತಡೆಗಳನ್ನು ಸೂರ್ಯನ ಚಲನೆಯ ಆಧಾರದ ಮೇಲೆ ವ್ಯವಸ್ಥಿತವಾಗಿ ವಿವೇಚಿಸಿತು.

ಮುಖ್ಯ ವಿಧಗಳು

ಸ್ಥಿರ ಮರೆಗಳು: ಸಜ್ಜ, ನಿಲುವು ಚಾಚು, ಜಾಲಂಧ್ರಗಳು ಕಟ್ಟಡದ ಅಂಗಗಳಾಗಿರುತ್ತವೆ. ಬಾಳಿಕೆ ಹೆಚ್ಚು, ನಿರ್ವಹಣೆ ಕಡಿಮೆ. ಮನೆ ಕಟ್ಟುವಾಗಲೇ ಇವನ್ನು ಯೋಜಿಸುವುದು ಸೂಕ್ತ.

ಚಲಿಸುವ ಮರೆಗಳು: ಸುರುಳಿ ಸುತ್ತುವ ಬಿದಿರಿನ ಪರದೆ, ಪಟ್ಟಿಯ ಕದ, ಮಡಚುವ ಕ್ಯಾನ್ವಾಸ್ ಮೇಲ್ಮರೆಗಳನ್ನು ಬಿಸಿಲಿರುವಾಗ ಇಳಿಸಿ, ಇಳಿಹೊತ್ತಿನಲ್ಲಿ ತೆರೆಯಬಹುದು. ಪೂರ್ವ, ಪಶ್ಚಿಮಗಳಿಗೆ ಇವು ಹೆಚ್ಚು ಉಪಯುಕ್ತ.

ತಾತ್ಕಾಲಿಕ ಮರೆಗಳು: ತೆಂಗಿನ ಗರಿಯ ತಡಿಕೆ, ಗೋಣಿತಟ್ಟು, ತೋಟಗಾರಿಕೆಯಲ್ಲಿ ಬಳಸುವ ನೆರಳು ಬಲೆ ಮುಂತಾದವು. ಬಾಡಿಗೆ ಮನೆಯಲ್ಲಿರುವವರೂ ಗೋಡೆಗೆ ಹಾನಿಯಾಗದಂತೆ ಇವನ್ನು ಬೇಸಿಗೆಯ ಮಟ್ಟಿಗೆ ಕಟ್ಟಿಕೊಳ್ಳಬಹುದು.

ಸಸ್ಯಗಳ ಮರೆ: ಹೀರೆ, ಅವರೆ, ಬಸಳೆ, ಮಲ್ಲಿಗೆಯಂತಹ ಬಳ್ಳಿಗಳ ಚಪ್ಪರ ಅಥವಾ ಪಶ್ಚಿಮಕ್ಕೆ ಬೆಳೆಸಿದ ಹೊಂಗೆಯಂತಹ ಮರ. ಎಲೆಗಳು ನೀರನ್ನು ಆವಿಯಾಗಿಸುವುದರಿಂದ ಸುತ್ತಲಿನ ಗಾಳಿಯೂ ಸ್ವಲ್ಪ ತಂಪಾಗುತ್ತದೆ.

ಅಳವಡಿಸುವಾಗ ಗಮನಿಸಬೇಕಾದ ಅಂಶಗಳು

ಮರೆ ಗಾಜಿಗೆ ಅಂಟಿಕೊಂಡಿರಬಾರದು. ಒಂದು ಗೇಣಿನಷ್ಟು ಅಂತರವಿದ್ದು ಮೇಲೆ, ಕೆಳಗೆ ತೆರೆದಿದ್ದರೆ ಕಾದ ಗಾಳಿ ಮೇಲೇರಿ ಹೊರಹೋಗುತ್ತದೆ. ಮರೆಯ ಹೊರಮೈ ತಿಳಿ ಬಣ್ಣದ್ದಾಗಿದ್ದರೆ ಹೆಚ್ಚು ಬಿಸಿಲನ್ನು ಪ್ರತಿಫಲಿಸುತ್ತದೆ. ಬಿಸಿಲು ಕಿಟಕಿಗೆ ಬರುವ ಮೊದಲೇ ಮರೆಯನ್ನು ಇಳಿಸಬೇಕು. ಕೋಣೆ ಕಾದ ಮೇಲೆ ಇಳಿಸುವುದರಿಂದ ಪ್ರಯೋಜನ ಕಡಿಮೆ. ಹೊರಗಿನ ಗಾಳಿ ಒಳಗಿಗಿಂತ ಬಿಸಿಯಾಗಿರುವ ಮಧ್ಯಾಹ್ನ ಗಾಜನ್ನು ಮುಚ್ಚಿ, ರಾತ್ರಿ ಮತ್ತು ನಸುಕಿನಲ್ಲಿ ತೆರೆದಿಡುವುದು ಲೇಸು.

ತಟ್ಟಿಗೆ ನೀರು ಚಿಮುಕಿಸುವ ಕ್ರಮವು ಕಲಬುರಗಿ, ರಾಯಚೂರಿನಂತಹ ಒಣಹವೆಯ ಊರುಗಳಲ್ಲಿ ಫಲ ಕೊಡುತ್ತದೆ. ಗಾಳಿಯಲ್ಲಿ ತೇವಾಂಶ ಮೊದಲೇ ಹೆಚ್ಚಿರುವ ಮಂಗಳೂರಿನಂತಹ ಕರಾವಳಿ ಪಟ್ಟಣಗಳಲ್ಲಿ ನೀರು ಬೇಗ ಆವಿಯಾಗದೆ ಸೆಕೆ ಹೆಚ್ಚುತ್ತದೆ. ಮುಂಗಾರುಪೂರ್ವ ಬಿರುಗಾಳಿಗೆ ಹಾರಿಹೋಗದಂತೆ ಮರೆಗಳನ್ನು ಬಿಗಿಯಾಗಿ ಕಟ್ಟಬೇಕು. ಬಹುಮಹಡಿ ಕಟ್ಟಡಗಳಲ್ಲಿ ಇದನ್ನು ನುರಿತವರಿಂದಲೇ ಮಾಡಿಸಬೇಕು. ಬೆಂಕಿ ಮುಂತಾದ ಅಪಾಯದ ಸಮಯದಲ್ಲಿ ಹೊರಬರಲು ಬೇಕಾಗುವ ಕಿಟಕಿಯನ್ನು ತೆರೆಯಲಾಗದ ಮರೆಯಿಂದ ಮುಚ್ಚಬಾರದು.

ಮಿತಿಗಳು

ಹೊರನೆರಳು ಕಿಟಕಿಯ ಮೂಲಕ ಬರುವ ನೇರ ಬಿಸಿಲನ್ನು ತಡೆಯುತ್ತದೆ. ಮನೆ ಕಾಯುವ ಎಲ್ಲ ಕಾರಣಗಳನ್ನೂ ನಿವಾರಿಸುವುದಿಲ್ಲ. ಬೇಸಿಗೆಯ ಸೂರ್ಯ ನೆತ್ತಿಯ ಮೇಲೆ ಸಾಗುವ ನಮ್ಮ ಭಾಗದಲ್ಲಿ ಒಂದೇ ಅಂತಸ್ತಿನ ಕಾಂಕ್ರೀಟ್ ತಾರಸಿ ಮನೆಗಳಿಗೆ ಹೆಚ್ಚಿನ ಶಾಖ ಚಾವಣಿಯಿಂದಲೇ ಬರುತ್ತದೆ. ಅಂತಹ ಮನೆಗಳಲ್ಲಿ ತಾರಸಿಗೆ ಬಿಳಿ ಬಣ್ಣ ಬಳಿಯುವುದು ಅಥವಾ ನೆರಳು ಒದಗಿಸುವುದು ಕಿಟಕಿಯ ಮರೆಯಷ್ಟೇ ಮುಖ್ಯ. ಅತಿ ದಟ್ಟವಾದ ಮರೆಯಿಂದ ಹಗಲಿನಲ್ಲೂ ದೀಪ ಹಚ್ಚುವಂತಾದರೆ ಮತ್ತು ಗಾಳಿಯಾಡದಂತಾದರೆ ಉದ್ದೇಶವೇ ಕೆಡುತ್ತದೆ.

ಪ್ರಾಮುಖ್ಯ

ಭಾರತ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಕಟ್ಟಡಗಳಿಗಾಗಿ ‘ಇಕೋ ನಿವಾಸ್ ಸಂಹಿತಾ’ ಎಂಬ ಸಂಹಿತೆಯನ್ನು ಹೊರತಂದಿತು. ಚಾವಣಿಯನ್ನು ಬಿಟ್ಟು ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೆ ಅದು ಶೀತಪ್ರದೇಶಗಳನ್ನುಳಿದು ಇತರೆಡೆ ಚದರ ಮೀಟರಿಗೆ 15 ವ್ಯಾಟ್ ಮಿತಿಯನ್ನು ಸೂಚಿಸುತ್ತದೆ. ಈ ಲೆಕ್ಕದಲ್ಲಿ ಕಿಟಕಿಯ ಹೊರಗಿನ ಸಜ್ಜ ಮತ್ತು ಚಾಚುಗಳ ನೆರಳನ್ನೂ ಪರಿಗಣಿಸಲಾಗುತ್ತದೆ.

ಹವಾನಿಯಂತ್ರಕವಿರುವ ಮನೆಯಲ್ಲಿ ಹೊರನೆರಳು ವಿದ್ಯುತ್ ವೆಚ್ಚವನ್ನು ತಗ್ಗಿಸುತ್ತದೆ. ಹವಾನಿಯಂತ್ರಕವಿಲ್ಲದ ಮನೆಯಲ್ಲಿ ಅದರ ಬೆಲೆ ಇನ್ನೂ ಹೆಚ್ಚು. ವೃದ್ಧರು, ಹಸುಗೂಸುಗಳು ಮತ್ತು ಕಾಯಿಲೆಯಿಂದ ಮಲಗಿರುವವರು ಬಿಸಿಯನ್ನು ತಾಳುವ ಶಕ್ತಿ ಕಡಿಮೆಯಿರುವವರು. ಅವರು ದಿನದ ಬಹುಭಾಗವನ್ನು ಕಳೆಯುವುದು ಮನೆಯೊಳಗೆ. ಬೇಸಿಗೆ ಆರಂಭವಾಗುವ ಮೊದಲೇ ಅವರ ಕೋಣೆಯ ಪಶ್ಚಿಮದ ಕಿಟಕಿಗೆ ಹೊರಗಿನಿಂದ ಒಂದು ತಟ್ಟಿ ಕಟ್ಟುವುದು ಅಲ್ಪ ಖರ್ಚಿನಲ್ಲಿ ಆಗುವ ಕೆಲಸ. ಸಂಜೆ ಕೋಣೆಗೆ ಬರುವ ಶಾಖದ ದೊಡ್ಡ ಪಾಲನ್ನು ಅದು ಹೊರಗೇ ನಿಲ್ಲಿಸುತ್ತದೆ.